ಬೇಲಿಯಾಚೆಯ ಗಾಲಿಮನೆ

ಮೇ 14

ನಿನ್ನೆ ಸಂಜೆಯ ಗಾಳಿಗೆ ಗಾಲಿಮನೆ ಉರುಳಿಬಿತ್ತು. ಬೇಲಿಯಾಚೆ ಹೊಂಗೆ ಮರದ ಹತ್ತಿರ ನಿಂತಿದ್ದದ್ದು ಹಳ್ಳದ ದಡದವರೆಗೆ ಜಾರಿ ಒಂದು ಮಗ್ಗುಲಿಗೆ ಮಲಗಿದೆ. ಮೇಲಿನ ತಗಡು ಕಿತ್ತುಹೋಗಿದೆ. ಒಳಗೆ ನಮ್ಮ ಹಟ್ಟಿಯ ಚಿಕ್ಕಹನುಮಕ್ಕ ಇದ್ದಳು. ನಾವು ಹೆಂಗಸರೇ ಸೇರಿ ಕಿಟಕಿಯಿಂದ ಅವಳನ್ನು ಈಚೆಗೆ ಎಳೆದೆವು. ಬಲಗೈ ಮೊಣಕೈ ಹತ್ತಿರ ಮುರಿದಿದೆ. ಗಂಡಸರು ಬೇಲಿಯ ಪಕ್ಕ ನಿಂತು ಆ ಕಡೆ ಹಿಡೀರಿ, ಈ ಕಡೆ ಹಿಡೀರಿ ಎಂದು ಕೂಗಿದ್ದೇ ಕೂಗಿದ್ದು. ಅವರೂ ಏನು ಮಾಡಿಯಾರು, ಮುಟ್ಟಾಗಿ ಹೊರಗೆ ಕೂತವಳನ್ನು ಮುಟ್ಟುವಂತಿಲ್ಲ, ಅವಳಿದ್ದ ಜಾಗವನ್ನೂ ಮುಟ್ಟುವಂತಿಲ್ಲ. ಐ.ಡಿ.ಹಳ್ಳಿಯಿಂದ ಬಂದ ಆಟೋದವನು ನಮ್ಮ ಹಟ್ಟಿಯವನಲ್ಲ, ಅವನೇ ಎತ್ತಿ ಕೂರಿಸಿಕೊಂಡು ಮಧುಗಿರಿ ಆಸ್ಪತ್ರೆಗೆ ಕರೆದುಕೊಂಡು ಹೋದ.

ಈ ಡೈರಿ ಇನ್ಶೂರೆನ್ಸ್ ಏಜೆಂಟ್ ಅನಿಲ್ ಕುಮಾರ್ ಜನವರಿಯಲ್ಲಿ ಕೊಟ್ಟದ್ದು. ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿ ಎರಡು ಹೊತ್ತೂ ಬರೆಯುವವಳು ಮನೆಯಲ್ಲೂ ಬರೆಯಬೇಕೇ ಎಂದು ಬಿಸಾಕಿದ್ದೆ. ಇನ್ನು ಕ್ಲೇಮಿನ ಓಡಾಟ ಶುರುವಾಗುತ್ತದೆ. ಯಾರು ಯಾವತ್ತು ಏನಂದರು ಎಂದು ಬರೆದಿಟ್ಟುಕೊಳ್ಳದಿದ್ದರೆ ಆ ಜನ ನಮ್ಮನ್ನು ಹಗಲಲ್ಲೇ ಮಾರಿಬಿಡುತ್ತಾರೆ.

ಮೇ 15

ಪಾಲಿಸಿ ಮಾಡಿಸುವ ಕಾಲದಲ್ಲಿ ಫೋನು ಬಡಿದುಕೊಳ್ಳುವ ಮೊದಲೇ ಎತ್ತುತ್ತಿದ್ದ ಅನಿಲ್ ಕುಮಾರ್ ಇವತ್ತು ಮಧ್ಯಾಹ್ನದ ಮೇಲೆ ಸಿಕ್ಕಿದ. ಫೋಟೋ ತೆಗೆಯಿರಿ, ಸರ್ವೇಯರು ನೋಡುವವರೆಗೆ ಎಳೆದಾಡಬೇಡಿ, ಆದರೆ ಮಳೆ ನೀರು ಇಳಿಯದಂತೆ ಟಾರ್ಪಾಲು ಹೊದಿಸಿ, ಬಿದ್ದ ಮೇಲೆ ಆಗುವ ನಷ್ಟವನ್ನು ಕಂಪನಿ ಕಟ್ಟಿಕೊಡುವುದಿಲ್ಲ ಎಂದ. ಆಮೇಲೆ ದನಿ ತಗ್ಗಿಸಿ ಒಳಗೆ ಯಾರಿದ್ದರು ಎಂದು ಕೇಳಿದ. ಹೇಳಿದೆ. ಟ್ರ್ಯಾಕ್ಟರಿನ ಪಾಲಿಸಿಗೆ ಸೇರಿಸಿರುವುದು ಸಾಮಾನು ಸಾಗಿಸುವ ಟ್ರೈಲರು ಅಂತ, ಜನ ಮಲಗುತ್ತಿದ್ದರು ಎಂದರೆ ಕ್ಲೇಮು ಬಿತ್ತು ಎಂದ. ಹೆಂಗಸರನ್ನು ಹೊರಗಿಡುವುದಕ್ಕೆ ಕಾನೂನು ಬೇರೆ ಇದೆ, ಕೇಸಾಗುತ್ತದಂತೆ.

"ಯಾರೂ ಇರ್ಲಿಲ್ಲ ಮೇಡಂ. ಖಾಲಿ ಇತ್ತು. ಅಷ್ಟು ನೆನಪಿಟ್ಕೊಳಿ."

ಕಾನೂನಿನ ಕಥೆ ನಮಗೇನು ಗೊತ್ತಿಲ್ಲದ್ದೇ? ಬೇಲಿಯಾಚೆ ಇದ್ದ ಕಲ್ಲಿನ ಗುಡಿಸಲನ್ನು ಅಧಿಕಾರಿಗಳು ಬಂದು ಕೆಡವಿಸಿದ ಮೇಲೆಯೇ ಗಾಲಿಮನೆ ಬಂದದ್ದು. ಪಾವಗಡದ ಕಡೆ ವಳ್ಳೂರಿನ ಸೋಲಾರ್ ಕೆಲಸಕ್ಕೆ ಬಂದಿದ್ದ ಇಂಜಿನಿಯರುಗಳು ಮಲಗುತ್ತಿದ್ದ ಟ್ರೈಲರು ಅದು, ಕೆಲಸ ಮುಗಿದ ಮೇಲೆ ಹರಾಜಿಗೆ ಹಾಕಿದ್ದರು. ಮಂಚ, ಕಿಟಕಿ, ಚಿಲಕವಿರುವ ಬಾಗಿಲು, ಒಂದು ಬಲ್ಬು. ಕುರಿ ಮೇಯಿಸಲು ದೂರ ಹೋದಾಗ ಮಲಗಲು ಆಗುತ್ತದೆ ಎಂದು ಇವರು ತಂದರು. ಬಾಯಲ್ಲಿ ಇವರ ಹೆಸರು ಹೇಳುವುದಿಲ್ಲ, ಬರೆಯುವುದಕ್ಕೇನು, ಜಯರಾಮು. ತಂದ ವಾರದಲ್ಲೇ ಅದು ಹೆಂಗಸರ ಪಾಲಾಯಿತು. ಅಧಿಕಾರಿಗಳ ಜೀಪು ಬಂದರೆ ತೀರ್ಥ ಚಿಮುಕಿಸಿ ಟ್ರ್ಯಾಕ್ಟರಿಗೆ ಸಿಕ್ಕಿಸಿ ಹೊಲದ ಕಡೆ ಎಳೆದುಕೊಂಡು ಹೋಗುವುದು, ಜೀಪು ಹೋದ ಮೇಲೆ ತಂದು ನಿಲ್ಲಿಸುವುದು. ದೇವರಿಗೂ ಸಮಾಧಾನ, ಸರ್ಕಾರಕ್ಕೂ ಸಮಾಧಾನ, ಹೆಂಗಸರಿಗೆ ಚಿಲಕ. ಇಷ್ಟು ಸಲೀಸಾಗಿದ್ದ ವ್ಯವಸ್ಥೆ ಒಂದು ಗಾಳಿಗೆ ಹೋಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಮಗಳು ವನಜಾಕ್ಷಿಗೆ ಇನ್ನೂ ಹೇಳಿಲ್ಲ. ಮದುವೆಯಾಗಿ ಕೊರಟಗೆರೆ ಪೇಟೆಯಲ್ಲಿದ್ದಾಳೆ, ಮುಂದಿನ ತಿಂಗಳು ಚೊಚ್ಚಲ ಬಾಣಂತನಕ್ಕೆ ಬರುತ್ತಾಳೆ. ಬಾಣಂತಿ, ಕೂಸು ಇಬ್ಬರೂ ಸೂತಕ ಕಳೆಯುವವರೆಗೆ ಬೇಲಿಯಾಚೆಯೇ. ಗಾಲಿಮನೆ ಇದೆ ಎಂದೇ ಅವಳು ಒಪ್ಪಿದ್ದು. ತೊಟ್ಟಿಲಿಗೆ ಕೊಂಡಿ ಕೂಡ ಹಾಕಿಸಿದ್ದೆ. ಅಷ್ಟರೊಳಗೆ ರಿಪೇರಿ ಆಗಲೇಬೇಕು.

ಮೇ 17

ಮಳೆ. ಟಾರ್ಪಾಲು ಹೊದಿಸಲು ಆಗಲಿಲ್ಲ. ಗಂಡಸರು ಗಾಲಿಮನೆ ಮುಟ್ಟಬೇಕಾದರೆ ಅದಕ್ಕೆ ತೀರ್ಥ ಹಾಕಬೇಕು, ಸೋಮವಾರದವರೆಗೆ ತೀರ್ಥ ಕೊಡುವಂತಿಲ್ಲ ಎಂದು ಕಾಟಪ್ಪ ಭಾವ ಹೇಳಿದರು. ಇವರ ಅಣ್ಣ, ಹಟ್ಟಿಯ ದೇವರ ಪೂಜಾರಿ. ಅವರ ಮಾತಿಗೆ ಎದುರು ಮಾತಿಲ್ಲ, ಇರಬಾರದು ಕೂಡ. ನಾವು ಹೆಂಗಸರೇ ಹೋದೆವು. ಗಾಳಿಗೆ ಟಾರ್ಪಾಲು ಹಾರಿ ಹೊಂಗೆ ಮರಕ್ಕೆ ಸಿಕ್ಕಿಕೊಂಡಿತು. ಇವರು ಬೇಲಿಯ ಈಚೆ ಹಗ್ಗ ಹಿಡಿದು ನಿಂತು, ಗಂಟು ಹಾಕುವುದು ಹೇಗೆ ಎಂದು ತೋರಿಸುತ್ತಿದ್ದರು. ನೆನೆದು ತೊಪ್ಪೆಯಾಗಿ ಬಂದೆವು. ನೀರು ಪೂರ್ತಿ ಒಳಕ್ಕೇ ಸುರಿಯುತ್ತಿದೆ.

ಮೇ 22

ಸರ್ವೇಯರು ಬಂದಿದ್ದರು. ಸಂಜೀವಯ್ಯ ಎಂದು, ತುಮಕೂರಿನವರು. ಬಿಸಿಲಿಗೆ ಟೋಪಿ ಹಾಕಿಕೊಂಡು ಗಾಲಿಮನೆಯ ಸುತ್ತ ಸುತ್ತಿ ಫೋಟೋ ತೆಗೆದರು. ಕೂಗಾಡುವ ಮನುಷ್ಯನಲ್ಲ. ಮೆತ್ತಗೆ ಕೇಳುತ್ತಾರೆ, ಅದೇ ಕಷ್ಟ.

ಏನಕ್ಕೆ ಬಳಸುತ್ತಿದ್ದಿರಿ ಎಂದರು. ಕುರಿ ಔಷಧಿ, ಹಿಂಡಿ ಮೂಟೆ ಇಡುತ್ತಿದ್ದೆವು ಎಂದು ಇವರು ಪಾಠ ಒಪ್ಪಿಸಿದರು. ಸಂಜೀವಯ್ಯ ಕಿಟಕಿಯಿಂದ ತಲೆ ಹಾಕಿ ನೋಡಿದರು. ಗೋಡೆಯ ಕನ್ನಡಿಯ ಅಂಚಿನಲ್ಲಿ ಹಟ್ಟಿಯ ಹೆಂಗಸರೆಲ್ಲ ಅಂಟಿಸಿದ ಹಣೆಯ ಸ್ಟಿಕ್ಕರುಗಳು ಹಾಗೇ ಇದ್ದವು. ಕುರಿಗಳಿಗೆ ಅಲಂಕಾರ ಜೋರಾಗಿದೆ ಎಂದರು. ಇವರು ನಕ್ಕರು. ನಗುವ ಜಾಗವೇ ಅದು?

ಬಿದ್ದ ಮೇಲೆ ಯಾಕೆ ಮುಚ್ಚಲಿಲ್ಲ, ಇಷ್ಟು ಜನ ಗಂಡಸರಿದ್ದೀರಿ, ಪ್ಲೈವುಡ್ಡು ನೆನೆದು ಉಬ್ಬಿಹೋಗಿದೆ ಎಂದರು. ಭಾವ ಆಕಾಶ ನೋಡಿದರು, ಇವರು ನೆಲ ನೋಡಿದರು. ಮುಟ್ಟುವಂತಿರಲಿಲ್ಲ ಎಂದರೆ ಯಾಕೆ ಎನ್ನುತ್ತಾರೆ, ಯಾಕೆ ಎಂದರೆ ಮುಗಿಯಿತು.

ಕೊನೆಗೆ ನನ್ನ ಕಡೆ ತಿರುಗಿದರು. ಟ್ರ್ಯಾಕ್ಟರು, ಪಾಲಿಸಿ ಎರಡೂ ನನ್ನ ಹೆಸರಿನಲ್ಲಿವೆ, ಹೆಂಗಸರ ಹೆಸರಿಗೆ ಸಾಲದ ಬಡ್ಡಿ ಕಡಿಮೆ ಎಂದು.

"ಒಳಗಡೆ ಯಾರಾದ್ರೂ ಇದ್ರೇನಮ್ಮ ಆವತ್ತು?"

"ಯಾರೂ ಇರ್ಲಿಲ್ಲ ಸಾರ್."

ಚಿಕ್ಕಹನುಮಕ್ಕ ನನ್ನ ಪಕ್ಕದಲ್ಲೇ ಇದ್ದಳು. ಕೈಗೆ ಸಿಮೆಂಟಿನ ಪಟ್ಟಿ. ಸೆರಗನ್ನು ಅದರ ಮೇಲೆ ಎಳೆದುಕೊಂಡಳು. ಸರ್ವೇಯರು ನೋಡಿದರೋ ಇಲ್ಲವೋ ಗೊತ್ತಾಗಲಿಲ್ಲ.

ಮೇ 23

ಚಿಕ್ಕಹನುಮಕ್ಕ ಡೇರಿಗೆ ಬರಲಿಲ್ಲ. ಅವಳ ಗಂಡ ಹಾಲು ತಂದ. ಕೈ ನೋವಿರಬೇಕು.

ಜೂನ್ 3

ಮಧುಗಿರಿಗೆ ಹೋಗಿದ್ದೆ. ಬೇಕರಿಯ ಮೇಲಿನ ಮಹಡಿಯಲ್ಲಿ ಅನಿಲ್ ಕುಮಾರನ ಆಫೀಸು. ಕೆಳಗಿನಿಂದ ಬನ್ನಿನ ವಾಸನೆ, ಮೇಲೆ ಇವನ ಸುದ್ದಿ. ಸಂಜೀವಯ್ಯನವರಿಗೆ ಅನುಮಾನ ಬಂದಿದೆಯಂತೆ, ಜನ ವಾಸವಿದ್ದರು ಎಂದು. ಕಂಪನಿಯವರು ನನ್ನಿಂದ ಹೇಳಿಕೆ ಕೇಳಿದ್ದಾರೆ. ಅನಿಲ್ ಕುಮಾರ್ ಹೇಳಿದ, ನಾನು ಬರೆದೆ. ಟ್ರೈಲರಿನಲ್ಲಿ ಮನುಷ್ಯರು ವಾಸವಿರುವುದಿಲ್ಲ. ಅಷ್ಟು ಸಾಲದು ಎಂದ. ನಿಮ್ಮ ಹಟ್ಟಿಗಳ ಪದ್ಧತಿ ಅವರಿಗೂ ಗೊತ್ತಾಗಿರುತ್ತೆ, ಅದಕ್ಕೂ ಒಂದು ಸಾಲು ಬೇಕು ಎಂದ. ನಮ್ಮ ಮನೆಯ ಹೆಂಗಸರು ಮುಟ್ಟು, ಬಾಣಂತನ ಮುಂತಾದ ಎಲ್ಲ ಕಾಲದಲ್ಲೂ ನಮ್ಮ ಮನೆಯೊಳಗೇ ಇರುತ್ತೇವೆ, ಹೀಗೆ ಬರೆಯಿರಿ ಎಂದ.

ಇಲ್ಲಿಗೆ ಪೆನ್ನು ನಿಂತಿತು. ಡೇರಿಯಲ್ಲಿ ನನ್ನ ಸ್ವಂತ ವಾರಗಿತ್ತಿಯ ಹಾಲಿಗೂ ಒಂದು ಪಾಯಿಂಟು ಫ್ಯಾಟು ಹೆಚ್ಚಿಗೆ ಬರೆದವಳಲ್ಲ ನಾನು. ಅದಕ್ಕೇ ಆಕೆ ನನ್ನ ಜೊತೆ ಮಾತು ಬಿಟ್ಟಿರುವುದು. ಇದು ಸುಳ್ಳಲ್ಲವೇನಪ್ಪ ಎಂದೆ. ಎಲ್ಲರೂ ಬರೆಯುವುದೇ ಮೇಡಂ, ಯಾರು ಬಂದು ನೋಡುತ್ತಾರೆ ಎಂದ. ಬಾಣಂತನಕ್ಕೆ ಬರುವ ಮಗಳು ಕಣ್ಣ ಮುಂದೆ ಬಂದಳು. ಸಹಿ ಹಾಕಿದೆ.

ಬರುವಾಗ ಬನ್ನು ತಂದೆ. ಯಾಕೋ ತಿನ್ನಬೇಕು ಅನ್ನಿಸಲಿಲ್ಲ.

ಜೂನ್ 9

ವನಜಾಕ್ಷಿ ಬಂದಳು. ಹೊಟ್ಟೆ ಕೆಳಕ್ಕೆ ಇಳಿದಿದೆ. ಬಸ್ಸಿಳಿದವಳು ಮನೆಗೂ ಬಾರದೆ ಮೊದಲು ಬೇಲಿಯ ಹತ್ತಿರ ಹೋಗಿ ಗಾಲಿಮನೆ ನೋಡಿದಳು. ತೀರ್ಥ ಹಾಕಿಸಿ ನೆಟ್ಟಗೆ ನಿಲ್ಲಿಸಿದ್ದೇವೆ, ಆದರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ಪಕ್ಕದಲ್ಲಿ ಇವರು ಸೋಗೆಗೆ ಪ್ಲಾಸ್ಟಿಕ್ ಹೊದಿಸಿ ಗುಡಿಸಲು ಕಟ್ಟಿದ್ದಾರೆ. ಈ ತಿಂಗಳು ಹೊರಗಾದವರೆಲ್ಲ ಅದರಲ್ಲೇ.

ಇದರಲ್ಲಿ ನನ್ನ ಮಗು ಮಲಗಿಸಬೇಕಾ ಎಂದು ಕೇಳಿದಳು. ಅಷ್ಟರಲ್ಲಿ ರಿಪೇರಿ ಆಗುತ್ತದೆ ಎಂದೆ. ಆಗದಿದ್ದರೆ ಎಂದಳು. ನಾನು ನಿನ್ನನ್ನು ಹೆತ್ತಾಗ ಇಂಥದ್ದೂ ಇರಲಿಲ್ಲ ಎಂದೆ. ಅದು ನನ್ನ ತಪ್ಪಾ ಎಂದಳು. ಮೊದಲಿನಿಂದಲೂ ಬಾಯಿ ಜಾಸ್ತಿ ಇವಳಿಗೆ. ಕೊರಟಗೆರೆಗೆ ವಾಪಸ್ಸು ಕಳಿಸೋಣ ಎಂದರೆ ಅಲ್ಲಿ ಅತ್ತೆ ಇಲ್ಲ, ಗಂಡ ಬೆಳಗ್ಗೆ ಹೋದರೆ ಸಂಜೆ ಬರುವವನು. ಚೊಚ್ಚಲಿಗೆ ತವರು ಇದ್ದೂ ಇಲ್ಲದಂತಾದರೆ ನಾನು ತಲೆ ಎತ್ತಿ ತಿರುಗುವುದು ಹೇಗೆ?

ಜೂನ್ 18

ಗಾಲಿಮನೆಯನ್ನು ಸಿರಾದ ಗ್ಯಾರೇಜಿಗೆ ಎಳೆಸಿಕೊಂಡು ಹೋದೆವು. ಮುದುಕ ಮೇಸ್ತ್ರಿ ಪ್ಲೈವುಡ್ಡನ್ನು ಉಗುರಿನಲ್ಲಿ ಚುಚ್ಚಿ ನೋಡಿದ, ಬಿಸ್ಕತ್ತಿನ ಹಾಗೆ ಉದುರಿತು.

"ಗಾಳಿಯಿಂದ ಹೋಗಿದ್ದು ಥೋಡಾ ಅಮ್ಮ. ನೀರಿಂದ ಪೂರಾ ಖರಾಬ್ ಆಗೋಗೈತೆ. ಒಂದು ಟಾರ್ಪಾಲ್ ಹಾಕಕ್ಕೆ ಯಾರೂ ಗಂಡಸ್ರು ಇರ್ಲಿಲ್ವಾ?"

ಇದ್ದರು, ಬೇಲಿಯ ಹತ್ತಿರ ಸಾಲಾಗಿ ನಿಂತಿದ್ದರು. ಹೇಳಲಿಲ್ಲ. ಇವರ ಮುಖ ನೋಡಿದೆ, ಇವರು ಬೀಡಿ ಹಚ್ಚಿಕೊಂಡು ಆಚೆಗೆ ಹೋದರು. ಇನ್ಶೂರೆನ್ಸಿನವರು ಒಪ್ಪಿದ ಮೇಲೆ ಕೆಲಸಕ್ಕೆ ಕೈ ಹಾಕುತ್ತಾನಂತೆ, ಆಮೇಲೂ ಒಂದು ತಿಂಗಳು ಬೇಕಂತೆ.

ಅನಿಲ್ ಕುಮಾರ್ ನನ್ನ ನಂಬರು ಕಂಡರೆ ಎತ್ತುವುದಿಲ್ಲ. ಗ್ಯಾರೇಜಿನ ಫೋನಿನಿಂದ ಮಾಡಿದೆ, ಹಲೋ ಸಾರ್ ಹೇಳಿ ಸಾರ್ ಎಂದು ಎತ್ತಿದ. ದನಿ ಕೇಳಿದ ತಕ್ಷಣ ಮೀಟಿಂಗಿಗೆ ಹೋದ.

ಜೂನ್ 27

ನಾನೇ ಹೊರಗಾಗಿದ್ದೇನೆ. ಈ ವಯಸ್ಸಿಗೂ ಬಿಡಲಿಲ್ಲ ಇದು. ಡೈರಿಯನ್ನೂ ಪೆನ್ನನ್ನೂ ತಂದುಕೊಂಡು ಗುಡಿಸಲಿನಲ್ಲಿ ಕೂತಿದ್ದೇನೆ.

ಮಳೆ ಹಿಡಿದಿದೆ. ಪ್ಲಾಸ್ಟಿಕ್ಕಿನ ಕೆಳಗೆ ಬಿಸಿಲಿದ್ದರೆ ಬೇಯುತ್ತೇವೆ, ಮಳೆ ಬಂದರೆ ನೆನೆಯುತ್ತೇವೆ. ಕಂಬಳಿಯ ಒಂದು ತುದಿ ಸದಾ ಒದ್ದೆ. ಕಾಲು ಚಾಚಿದರೆ ಆಚೆ ಹೋಗುತ್ತದೆ. ಬಾಗಿಲ ಜಾಗಕ್ಕೆ ಒಂದು ಗೋಣಿ ತಾಟು. ನಾಯಿ ಮೂಗು ತೂರಿಸಿ ನನ್ನನ್ನು ನೋಡಿ ಹೋಯಿತು. ಮೊನ್ನೆಮೊನ್ನೆಯವರೆಗೆ ಚಿಲಕ ಹಾಕಿಕೊಂಡು ಮಲಗುತ್ತಿದ್ದೆನಲ್ಲ, ಅದಕ್ಕೂ ಹಿಂದಿನದೆಲ್ಲ ಮರೆತೇಹೋಗಿತ್ತು. ಅಷ್ಟು ವರ್ಷ ಹೇಗೆ ಕಳೆದೆನೋ. ಕಳೆದೆ, ಅಷ್ಟೇ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಡೇರಿಯಲ್ಲಿ ಇವರು ಹಾಲು ಅಳೆಯುತ್ತಾರೆ. ನಾನು ದೂರ ನಿಂತು ಮಿಷನ್ನಿನ ಅಂಕಿ ನೋಡಿ ಕೂಗಿ ಹೇಳಬೇಕು. ಫ್ಯಾಟು ಮೂರು ಪಾಯಿಂಟು ಆರು ಎಂದರೆ ಮೂರು ಪಾಯಿಂಟು ಒಂಬತ್ತು ಬರೆಯುತ್ತಾರೆ. ಕಿವಿಯೋ, ಮನಸ್ಸೋ.

ವನಜಾಕ್ಷಿ ಮುದ್ದೆ, ಸಾರು ತಂದು ದೂರದಲ್ಲಿಟ್ಟಳು. ಇಟ್ಟು ಹೋಗದೆ ಗುಡಿಸಲಿನ ಒಳಗೆಲ್ಲ ಕಣ್ಣಾಡಿಸಿದಳು. ಏನೂ ಅನ್ನಲಿಲ್ಲ. ಅಂದಿದ್ದರೆ ನಾನೂ ಏನಾದರೂ ಅನ್ನಬಹುದಿತ್ತು.

ಸಂಜೆ ಚಿಕ್ಕಹನುಮಕ್ಕ ಬಂದಳು. ಸರ್ವೇಯರು ಬಂದು ಹೋದ ಮೇಲೆ ಇದೇ ಮೊದಲು. ಸಿಮೆಂಟಿನ ಪಟ್ಟಿ ಬಿಚ್ಚಿದ್ದಾರೆ, ಕೈ ಇನ್ನೂ ಸೊಟ್ಟಗೇ ಇದೆ. ಎಡಗೈಯಲ್ಲಿ ಹಾಲು ಕರೆಯುವುದು ಅಭ್ಯಾಸವಾಯಿತು ಎಂದಳು.

"ಯಾರೂ ಇರ್ಲಿಲ್ಲ ಅಂದ್ಬುಟ್ಟೆ ನೋಡು ಅಕ್ಕ. ಕಾಸಿಗೋಸ್ಕರ ಅಂದೆ, ಗೊತ್ತು. ಆದ್ರೂ ಆವತ್ತಿಂದ ನಂಗೆ ಒಂದೊಂದು ಸಲ ನಿಜಕ್ಕೂ ನಾನು ಇರ್ಲಿಲ್ವೇನೋ ಅನ್ನುಸ್ತೈತೆ."

ಕ್ಲೇಮು ಬಂದರೆ ನಿನ್ನ ಆಸ್ಪತ್ರೆ ಖರ್ಚನ್ನೂ ಕೊಡುತ್ತೇನೆ ಎಂದೆ. ಅವಳು ಸೆರಗು ಕೊಡವಿಕೊಂಡು ಎದ್ದಳು. ನನಗೂ ಆ ಮಾತು ಬಾಯಿಂದ ಬಿದ್ದ ಮೇಲೆ ಚೆನ್ನಾಗಿ ಕೇಳಿಸಲಿಲ್ಲ. ಅವಳು ಹೋದ ಮೇಲೆ ಅತ್ತುಬಿಟ್ಟೆ. ಒದ್ದೆ ಕಂಬಳಿಯಲ್ಲಿ ಕೂತರೆ ಅಳು ತಾನಾಗೇ ಬರುತ್ತದೆ.

ಜುಲೈ 1

ಅನಿಲ್ ಕುಮಾರ್ ತಾನಾಗಿಯೇ ಫೋನು ಮಾಡಿದ. ಕ್ಲೇಮು ಒಪ್ಪಿದ್ದಾರೆ, ಮುಚ್ಚದೆ ಬಿಟ್ಟದ್ದಕ್ಕೆ ಕಡಿತ ಮಾಡಿದ್ದಾರೆ. ಅರ್ಧವಾದರೂ ಬಂತಲ್ಲ ಎಂದ. ಕಡಿತದ ಬಗ್ಗೆ ಜಗಳ ತೆಗೆಯಬೇಕು ಎಂದುಕೊಂಡಿದ್ದೆ, ತೆಗೆಯಲಿಲ್ಲ. ಹಣ ಖಾತೆಗೆ ಬೀಳುವವರೆಗೆ ಕಂಪನಿಯವರು ಯಾರಾದರೂ ಬಂದು ವಿಚಾರಿಸಬಹುದು, ಹೇಳಿಕೆಗೂ ಮನೆಗೂ ವ್ಯತ್ಯಾಸ ಕಾಣದಂತೆ ನೋಡಿಕೊಳ್ಳಿ ಎಂದ. ಆಯಿತಪ್ಪ ಎಂದೆ.

ಗಾಲಿಮನೆಯಂತೂ ಬಾಣಂತನಕ್ಕೆ ಸಿಗುವುದಿಲ್ಲ. ಇವರು ಗುಡಿಸಲಿಗೆ ಇನ್ನೊಂದು ಪದರ ಪ್ಲಾಸ್ಟಿಕ್ ತಂದಿದ್ದಾರೆ. ನೀಲಿ ಬಣ್ಣದ್ದು.

ಜುಲೈ 6

ಮಧುಗಿರಿ ಆಸ್ಪತ್ರೆ. ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಮೂಗು ನಮ್ಮ ಕಡೆಯದು.

ಜುಲೈ 9

ಆಸ್ಪತ್ರೆಯಿಂದ ಬಂದೆವು. ಅದೇ ಐ.ಡಿ.ಹಳ್ಳಿ ಆಟೋ. ಬೆಳಗ್ಗೆಯಿಂದ ಜಡಿಮಳೆ. ಬೇಲಿಯ ಹತ್ತಿರ ಬಂದಾಗ ಆಟೋದವನು ಇಲ್ಲೇ ನಿಲ್ಲಿಸಲಾ, ಮುಂದಕ್ಕಾ ಎಂದು ಕೇಳಿದ. ಗುಡಿಸಲಿನ ನೀಲಿ ಪ್ಲಾಸ್ಟಿಕ್ಕಿನ ಮೇಲೆ ನೀರು ನಿಂತು ಹೊಟ್ಟೆ ಬಿಟ್ಟುಕೊಂಡಿತ್ತು. ವನಜಾಕ್ಷಿ ಮಗುವನ್ನು ಸೆರಗಿನೊಳಗೆ ಅವಚಿಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು. ಮನೆ ಹತ್ತಿರ ಬಿಡಪ್ಪ ಎಂದೆ.

ಜಗಲಿಯ ಮೇಲೆ ಕಾಟಪ್ಪ ಭಾವ ಕೂತಿದ್ದರು, ಪಕ್ಕದಲ್ಲಿ ಇವರು. ಭಾವ ಎದ್ದು ಬಾಗಿಲಿಗೆ ಅಡ್ಡ ಬಂದರು. ಜೋರು ಮಾಡಲಿಲ್ಲ. ಅವರು ಯಾವತ್ತೂ ನನ್ನ ಮೇಲೆ ಜೋರು ಮಾಡಿದವರಲ್ಲ.

"ಗಂಗಾಲಕ್ಷ್ಮಿ, ಇದು ದೇವ್ರ ಮನೆತನ ಕಣಮ್ಮ. ಹಸಿ ಬಾಣಂತೀನ ಒಳಕ್ಕೆ ತರಬ್ಯಾಡ."

"ಬರ್ದು ಕೊಟ್ಟಿದೀನಿ ಭಾವ. ನಮ್ಮನೆ ಹೆಂಗಸ್ರು ಎಲ್ಲಾ ಕಾಲದಲ್ಲೂ ಮನೇಲೇ ಇರ್ತೀವಿ ಅಂತ. ಯಾರಾದ್ರೂ ಬಂದು ನೋಡಿದ್ರೆ ಕ್ಲೇಮು ಹೋಯ್ತದೆ."

"ಕಂಪನಿಯೋರು ಕೇಳ್ತಾರೆ ಅಂತ ಹೆದ್ರಿಕೊಂಡೆ. ದೇವ್ರು ಕೇಳಿದ್ರೆ?"

"ಕೇಳಿದ್ರೆ ನಾನು ಹೇಳ್ಕೊತೀನಿ. ಈಗ ಮಗು ನೆನೀತೈತೆ, ದಾರಿ ಬುಡಿ."

ಭಾವ ಇವರ ಕಡೆ ನೋಡಿದರು. ಇವರು ಎದ್ದು ಬಂದು ಆಟೋದಿಂದ ಬಟ್ಟೆಯ ಗಂಟು ತೆಗೆದುಕೊಂಡರು. ಬಾಣಂತಿಯ ಗಂಟು ಅದು. ಗೊತ್ತಿದ್ದೇ ಎತ್ತಿದರೋ, ಗಾಬರಿಯಲ್ಲಿ ಎತ್ತಿದರೋ, ನಾನು ಕೇಳಲಿಲ್ಲ. ಭಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಮಳೆಯಲ್ಲೇ ಹೊರಟುಹೋದರು.

ನಡುಮನೆಯಲ್ಲಿ ಮಲಗಿಸಿದ್ದೇನೆ. ಏನೋ ಕ್ಲೇಮಿಗಾಗಿ ಮಾಡಿದ್ದು, ಹಣ ಬರುವವರೆಗೆ ಇರಲಿ.

ಜುಲೈ 11

ಮಗು ಹಗಲು ಮಲಗುತ್ತದೆ. ನಾನು ಮಲಗುವುದಿಲ್ಲ. ನೀರು ಕಾಯಿಸುವುದು, ಸಾಂಬ್ರಾಣಿ ಹಾಕುವುದು, ಬಟ್ಟೆ ಒಗೆಯುವುದು.

ಜುಲೈ 17

ಭಾವ ನಮ್ಮ ಮನೆಯಲ್ಲಿ ನೀರು ಮುಟ್ಟುತ್ತಿಲ್ಲ. ದೇವರ ಎಡೆಗೆ ನಮ್ಮ ಮನೆಯ ಹಾಲು ಬೇಡ ಎಂದು ಹೇಳಿ ಕಳಿಸಿದರು. ಇವರಿಗೆ ಅದರಿಂದ ಬಹಳ ನೋವಾಗಿದೆ, ಊಟ ಬಿಟ್ಟು ಕೂತಿದ್ದರು. ಒಡಹುಟ್ಟಿದವರು. ನನಗೂ ನೋವೇ. ಡೇರಿಗೆ ಎರಡು ಮನೆಯವರು ಹಾಲು ನಿಲ್ಲಿಸಿದರು, ಉಳಿದವರು ಏನೂ ಅನ್ನದೆ ಹಾಕಿ ಹೋಗುತ್ತಾರೆ. ಮಾತು ಬಿಟ್ಟಿದ್ದ ವಾರಗಿತ್ತಿ, ಅದೇ ಭಾವನ ಹೆಂಡತಿ, ಹಿತ್ತಲಿಂದ ಬಂದು ಮಗುವನ್ನು ನೋಡಿ ಹೋದಳು. ಗಂಡನಿಗೆ ಹೇಳಬೇಡ ಎಂದಳು.

ಸಂಜೆ ಅನಿಲ್ ಕುಮಾರನ ಫೋನು. ಮೇಡಂ, ಹಣ ಬಿದ್ದು ಆಗಲೇ ನಾಲ್ಕು ದಿನವಾಯಿತು, ಒಂದು ಥ್ಯಾಂಕ್ಸೂ ಹೇಳಲಿಲ್ಲವಲ್ಲ ಎಂದ. ಮೆಸೇಜು ನೋಡಿಯೇ ಇರಲಿಲ್ಲ. ಇನ್ನು ವಿಚಾರಣೆಗೆ ಯಾರೂ ಬರುವುದಿಲ್ಲ, ಫೈಲು ಮುಚ್ಚಿತು, ನಿಶ್ಚಿಂತೆಯಾಗಿ ಹೇಗೆ ಬೇಕೋ ಹಾಗಿರಿ ಎಂದ. ಇವರಿಗೆ ಹೇಳಿದೆ. ಹಾಗಾದರೆ ಸಿರಾಕ್ಕೆ ಹೋಗಿ ಗಾಲಿಮನೆ ಕೆಲಸ ಶುರು ಮಾಡಿಸಲಾ, ಹಟ್ಟಿಯವರೆಲ್ಲ ಕೇಳುತ್ತಿದ್ದಾರೆ ಎಂದರು. ಮಗುವಿಗೆ ಎಣ್ಣೆ ಹಚ್ಚುತ್ತಿದ್ದೆ, ನಾಳೆ ನೋಡೋಣ ಎಂದೆ.

ಜುಲೈ 18

ಬೆಳಗ್ಗೆ ಡೇರಿ ಮುಗಿಸಿ ಬರುವಾಗ ಚಿಕ್ಕಹನುಮಕ್ಕ ನಮ್ಮ ಮನೆಯ ಮುಂದೆ ಹೋಗುತ್ತಿದ್ದಳು. ಸೊಟ್ಟ ಕೈಯ ಕಂಕುಳಲ್ಲಿ ಕಂಬಳಿ ಸುರುಳಿ, ಎಡಗೈಯಲ್ಲಿ ತಟ್ಟೆ, ಲೋಟ. ಗುಡಿಸಲಿಗೆ ಹೊರಟಿದ್ದಳು. ಜಿನುಗು ಮಳೆ.

ಇಲ್ಲೇ ಬಾ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ದೂರ ಸರಿದು ನಿಂತಳು, ನನಗೆ ದಾರಿ ಬಿಡುವವಳ ಹಾಗೆ.

"ಒಳಕ್ಕೆ ಬಾರೆ. ಹಿಂದಿನ ಕೋಣೆ ಖಾಲಿ ಐತೆ, ಚಿಲಕ ಐತೆ."

"ನೀನು ಬರ್ದಿರೋದು ನಿಮ್ಮನೆ ಹೆಂಗಸ್ರು ಅಂತ ತಾನೆ ಅಕ್ಕ? ನನ್ನ ಹೆಸ್ರಲ್ಲಿ ಏನೂ ಇಲ್ವಲ್ಲ."

ಹೌದು, ಇಲ್ಲ. ಹತ್ತಿರ ಹೋಗಿ ಅವಳ ಕಂಕುಳಿಂದ ಕಂಬಳಿ ಕಿತ್ತುಕೊಂಡೆ. ಬೇಡ ಅಕ್ಕ, ಮುಟ್ಟಬೇಡ ಎಂದು ಹಿಂದಕ್ಕೆ ಎಳೆದಳು, ಒಂದು ಕೈಯಲ್ಲಿ ಎಷ್ಟು ಎಳೆದಾಳು. ಹಿಂದಿನ ಸಲ ಗುಡಿಸಲಿನಲ್ಲಿ ನೆನೆದದ್ದೇ ಇರಬೇಕು, ಮುಗ್ಗಲು ವಾಸನೆ ಹೊಡೆಯುತ್ತಿತ್ತು. ಜಗಲಿಯ ಹಗ್ಗದ ಮೇಲೆ, ಬೀದಿಗೆ ಕಾಣುವ ಕಡೆಯೇ, ಬಿಡಿಸಿ ಹರವಿದೆ. ಅವಳು ಮೆಟ್ಟಿಲ ಹತ್ತಿರ ಕಾಲು ತೊಳೆದುಕೊಂಡು ಒಳಗೆ ಬಂದಳು.